ಭೋಗಿ ಊಟದ ವಾರ

ಜನವರಿ ಬಂತೆಂದರೆ ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಜೀವ ಬರುತ್ತದೆ. ಉಳಿದ ದಿನ ಕಾರ್ಯದರ್ಶಿಗಳು 'ಇಂದು ಸಂಜೆ ವಾರದ ಸಭೆ, ತಪ್ಪದೇ ಬನ್ನಿ' ಅಂತ ಹಾಕಿದರೆ ಕೆಳಗೆ ನಾಲ್ಕು ಹೆಬ್ಬೆಟ್ಟು ಬೀಳುವುದೂ ಕಷ್ಟ. ಅದೇ 'ಈ ವಾರ ಭೋಗಿ ಊಟ, ಮನೆಮಂದಿಯನ್ನೂ ಕರೆತನ್ನಿ' ಅಂತ ಬಂತೋ, ಯಾವತ್ತೂ ಕಾಣದ ಹೆಸರುಗಳೆಲ್ಲ ಎದ್ದು ಕೂರುತ್ತವೆ. 'ನಮ್ಮ ಮನಿಂದ ಆರು ಮಂದಿ ಬರ್ತೀವ್ರಿ.' 'ಸರ, ನಮ್ಮ ಬೀಗರು ಊರಿಂದ ಬಂದಾರ, ಕರಕೊಂಡು ಬಂದ್ರ ನಡೀತೈತೇನ್ರಿ?' ನಡೆಯುತ್ತದೆ. ಭೋಗಿ ಅಂದರೆ ಸಂಕ್ರಾಂತಿಯ ಹಿಂದಿನ ದಿನ. ಆವತ್ತು ಊಟಕ್ಕೆ ಬಂದವರನ್ನು ಬೇಡ ಅನ್ನುವ ಪದ್ಧತಿ ವಿಜಯಪುರದಲ್ಲಿಲ್ಲ.

ನಮ್ಮದು ರೋಟರಿ ಕ್ಲಬ್ಬು. ಯಾವುದು ಅಂತ ಹೇಳುವುದಿಲ್ಲ. ಮುಂದೆ ಬರುವ ಕೆಲವು ಮಾತು ನಮ್ಮವರಿಗೆ ಅಷ್ಟು ಹಿಡಿಸಲಿಕ್ಕಿಲ್ಲ. ನಾನು ಅಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವನು. ರೋಟರಿಯಲ್ಲಿ ಮನುಷ್ಯನನ್ನು ಕಸುಬಿನಿಂದ ಗುರುತಿಸುವುದು ಮೊದಲಿನಿಂದ ಬಂದ ರೂಢಿ. ಒಂದು ಕಸುಬಿಗೆ ಒಬ್ಬರೇ ಸದಸ್ಯರು ಅಂತಲೂ ಹಿಂದೆ ನಿಯಮವಿತ್ತು. ಈಗ ಅದು ಸಡಿಲಾಗಿದೆ. ಆದರೂ ನಮ್ಮ ಸಭೆಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಆ ಹಳೇ ನಿಯಮದ ಗುರುತು ಸಿಗುತ್ತದೆ. ಹಲ್ಲಿನ ಡಾಕ್ಟರು, ಬೀಜ ಗೊಬ್ಬರದ ಅಂಗಡಿಯವರು, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನವರು, ವಕೀಲರು, ಆಡಿಟರು, ಹೋಟೆಲಿನವರು, ನಿವೃತ್ತರಾದ ಒಬ್ಬ ಹೆಡ್‌ಮಾಸ್ತರು. ಕ್ಲಬ್ಬು ಇಲ್ಲದೇ ಹೋಗಿದ್ದರೆ ಒಣದ್ರಾಕ್ಷಿಯವರಿಗೂ ನನಗೂ ಮಾತಾಡಲು ಕಾರಣವೇ ಇರಲಿಲ್ಲ. (ಅವರ ಬಾಕ್ಸಿನ ಲೇಬಲ್ಲುಗಳು ಇವತ್ತಿಗೂ ಸಾಂಗ್ಲಿಯಲ್ಲೇ ಪ್ರಿಂಟ್ ಆಗುತ್ತವೆ. ನಾನು ಕೇಳುವುದನ್ನು ಬಿಟ್ಟಿದ್ದೇನೆ.)

ಊರಲ್ಲಿ ನಮಗೆ 'ತಿನ್ನೋ ಕ್ಲಬ್ಬು' ಅಂತ ಇನ್ನೊಂದು ಹೆಸರೂ ಇದೆ. ಹೊರಗಿನವರು ಬಂದು ನಮ್ಮ ಸಭೆ ನೋಡಿದರೆ ನಗು ಬರುವುದು ಸಹಜವೇ. ಅಧ್ಯಕ್ಷರ ಕೊರಳಲ್ಲಿ ಹಳೇ ಅಧ್ಯಕ್ಷರ ಹೆಸರಿನ ಬಿಲ್ಲೆಗಳು ತೂಗುವ ಕಾಲರು. ಮೇಜಿನ ಮೇಲೊಂದು ಗಂಟೆ, ಪಕ್ಕದಲ್ಲಿ ಮರದ ಸುತ್ತಿಗೆ. ಠಣ್ ಅಂದರೆ ಸಭೆ ಶುರು. ಪ್ರಾರ್ಥನೆ, ವಾರದ ಹುಟ್ಟುಹಬ್ಬಗಳು, ಮದುವೆಯ ದಿನಗಳು, ಕಾರ್ಯದರ್ಶಿ ವರದಿ, ಅತಿಥಿಯ ಮಾತು, ವಂದನೆ, ರಾಷ್ಟ್ರಗೀತೆ, ಮತ್ತೆ ಠಣ್. ನಡುವೆ ಸಾರ್ಜೆಂಟ್ ಅಟ್ ಆರ್ಮ್ಸ್ ಅಂತ ಭಾರೀ ದೊಡ್ಡ ಹೆಸರಿನ ಒಬ್ಬರಿರುತ್ತಾರೆ. ಅವರ ಕೆಲಸ ಮೈಕ್ ಸರಿ ಮಾಡುವುದು, ಲೇಟಾಗಿ ಬಂದವರಿಗೆ ದಂಡ ಹಾಕುವುದು. ಇಷ್ಟರ ಮೇಲೆ ನಾಲ್ಕು ಪ್ರಶ್ನೆಗಳ ಪರೀಕ್ಷೆ ಬೇರೆ. ನಾವು ಹೇಳುವುದು ನಿಜವೇ, ಎಲ್ಲರಿಗೂ ನ್ಯಾಯವೇ ಅಂತ ಶುರುವಾಗುತ್ತದೆ. ಹರ್ಬರ್ಟ್ ಟೇಲರ್ ಅನ್ನುವವರು 1932ರಲ್ಲಿ ದಿವಾಳಿಯ ಬಾಗಿಲಿಗೆ ಬಂದಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಬರೆದುಕೊಂಡಿದ್ದು ಅದು. ನಮ್ಮ ವಕೀಲರು ಅದನ್ನು ಗಟ್ಟಿಯಾಗಿ ಓದುವಾಗ ಹಿಂದಿನ ಸಾಲಿನವರು ತಲೆ ತಗ್ಗಿಸಿಕೊಂಡು ನಗುತ್ತಾರೆ.

ವಾರವಾರ ಇದೆಲ್ಲ ಯಾಕೆ ಬೇಕು ಅನ್ನುವ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. 2016ರಲ್ಲಿ ರೋಟರಿಯೇ ನಿಯಮ ಸಡಿಲಿಸಿ, ತಿಂಗಳಿಗೆ ಎರಡು ಸಭೆ ಮಾಡಿದರೂ ಸಾಕು ಎಂದಿತು. ಅರ್ಧ ಮಂದಿಗೆ ಖುಷಿಯಾಯಿತು. ಹೆಡ್‌ಮಾಸ್ತರು ಒಪ್ಪಲಿಲ್ಲ. 'ವಾರಕ್ಕೊಮ್ಮೆ ಸಂತಿ ಕೂಡ್ತೈತಿ. ಸಂತಿಗೆ ಬರೋ ಮಂದಿಗೆ ಇಲ್ಲದ ಬ್ಯಾಸರಕಿ ನಿಮಗ್ಯಾಕ್ರೀ?' ಅಂದರು. ಮಾಸ್ತರ ಎದುರು ವಾದ ಮಾಡುವಷ್ಟು ಧೈರ್ಯ ಯಾರಿಗೂ ಇಲ್ಲ. ಸದಸ್ಯರಲ್ಲಿ ಕೆಲವರು ಅವರ ಕೈಯಲ್ಲಿ ಏಟು ತಿಂದವರೇ. ಹಾಗಾಗಿ ನಮ್ಮದು ಇನ್ನೂ ವಾರದ ಸಭೆಯೇ.

ನನಗೇನೋ ಮಾಸ್ತರ ಮಾತು ಸರಿ ಅನ್ನಿಸುತ್ತದೆ. ಇದನ್ನು ಶುರು ಮಾಡಿದ ಪಾಲ್ ಹ್ಯಾರಿಸ್ ಕಥೆ ನೋಡಿ. ಅವರು ವಕೀಲರು. ಬೆಳೆದಿದ್ದು ಅಮೆರಿಕದ ವರ್ಮಾಂಟ್ ಕಡೆಯ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಲ್ಲಿ, ಅಜ್ಜ ಅಜ್ಜಿಯ ಹತ್ತಿರ. ಆಮೇಲೆ ಶಿಕಾಗೋದಲ್ಲಿ ವಕೀಲಿಕೆಗೆ ಕೂತರು. ಅಷ್ಟು ದೊಡ್ಡ ಪಟ್ಟಣದಲ್ಲಿ ಕೆಲಸದ ಹೊರತಾಗಿ ಮಾತಾಡಲು ಒಬ್ಬರೂ ಇಲ್ಲ. ಊರಲ್ಲಿದ್ದಂಥ ಬಳಕೆ ಇಲ್ಲಿ ಯಾಕಿರಬಾರದು ಅಂತ 1905ರ ಫೆಬ್ರವರಿ 23ರಂದು ಮೂವರನ್ನು ಕೂಡಿಸಿದರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಒಬ್ಬರು ಬಟ್ಟೆ ಹೊಲಿಸಿ ಮಾರುವವರು. ಒಂದು ಸಲ ಇವರ ಆಫೀಸು, ಇನ್ನೊಂದು ಸಲ ಅವರ ಆಫೀಸು ಅಂತ ಸುತ್ತಿ ಕೂಡುತ್ತಿದ್ದರು, ಅದಕ್ಕೇ ರೋಟರಿ ಅನ್ನುವ ಹೆಸರು. ಬೇಗನೇ ಸೇರಿದ ಹ್ಯಾರಿ ರಗಲ್ಸ್ ನನ್ನ ಕಸುಬಿನವರು, ಪ್ರಿಂಟರು. ಸಭೆಯಲ್ಲಿ ಹಾಡು ಹಾಡಿಸುವ ರೂಢಿ ಹಾಕಿದ್ದು ಅವರೇ. ಸೇವೆ ಗೀವೆ ಎಲ್ಲ ಆಮೇಲೆ ಬಂದಿದ್ದು. ಮೊದಲು ಇದ್ದಿದ್ದು ಊರು ಬಿಟ್ಟು ಬಂದವನ ಬೇಸರ, ಅಷ್ಟೇ.

ನಮ್ಮ ಸದಸ್ಯರಲ್ಲೂ ಮುಕ್ಕಾಲು ಮಂದಿ ಊರು ಬಿಟ್ಟು ಬಂದವರೇ. ಸಿಂದಗಿ ಕಡೆಯವರು, ಇಂಡಿ ಕಡೆಯವರು, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು. ಹೊಲ ಇದೆ, ಪಾಲಿಗೆ ಹಾಕಿದ್ದಾರೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಎಡೆ ಎರಚುವ ಚರಗ ಚೆಲ್ಲಲು ಹೋಗಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಾರೆ. ಕ್ಲಿನಿಕ್ಕು ಬಿಡುವುದಿಲ್ಲ, ಅಂಗಡಿ ಬಿಡುವುದಿಲ್ಲ. ಭೋಗಿಗೂ ಹಾಗೆಯೇ. ಮನೆಯಲ್ಲಿ ಮೂರು ಮಂದಿ ಇದ್ದು ಸಜ್ಜಿ ರೊಟ್ಟಿ ಬಡಿದರೆ ಅದು ಊಟವಾಗುತ್ತದೆಯೇ ಹೊರತು ಭೋಗಿ ಆಗುವುದಿಲ್ಲ. ಭೋಗಿಗೆ ಗದ್ದಲ ಬೇಕು. ಪಂಕ್ತಿ ಬೇಕು. 'ಇನ್ನೊಂದ್ ರೊಟ್ಟಿ ಹಾಕ್ಕೋರಿ' ಅಂತ ಜಬರದಸ್ತಿ ಮಾಡುವವರು ಬೇಕು. ಆ ವಾರ ನಮ್ಮ ಕ್ಲಬ್ಬಿನ ಹಾಲಿನಲ್ಲಿ ಅದೆಲ್ಲ ಸಿಗುತ್ತದೆ. ತಿನ್ನೋ ಕ್ಲಬ್ಬು ಅಂತ ನಗುವವರಿಗೆ ನನ್ನ ಉತ್ತರ ಇಷ್ಟೇ: ಪಾಲ್ ಹ್ಯಾರಿಸ್ ಬಯಸಿದ್ದಕ್ಕೆ ನಾವು ತೀರಾ ಹತ್ತಿರ ಬರುವುದು ಆ ಒಂದು ವಾರವೇ.

ಏನೇನಿತ್ತು ಅಂತ ಹೇಳದೆ ಮುಂದೆ ಹೋದರೆ ನಮ್ಮ ಕಡೆಯವರು ಬಿಡುವುದಿಲ್ಲ. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಬಿಸಿಯದೂ ಇತ್ತು, ಖಡಕ್ಕೂ ಇತ್ತು. ಎಣ್ಣೆಗಾಯಿ ಬದನೆಕಾಯಿ. ಗಜ್ಜರಿ, ಅವರೆಕಾಯಿ, ಹಸಿ ಕಡಲೆ ಎಲ್ಲ ಕೂಡಿಸಿದ ಭೋಗಿ ಪಲ್ಯ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಶೇಂಗಾ ಹೋಳಿಗೆ. ಮಾದಲಿಯ ಮೇಲೆ ಹಾಲು, ತುಪ್ಪ. ಊಟದ ಕಂಟ್ರ್ಯಾಕ್ಟು ಕೊಟ್ಟಿದ್ದು ಅನ್ನ ಸಾರಿಗೆ ಮಾತ್ರ. ಅದನ್ನು ಯಾರೂ ಮುಟ್ಟಲಿಲ್ಲ.

ಮಾಸ್ತರ ಮನೆಯವರನ್ನು ನಾವೆಲ್ಲ ಅಕ್ಕಾರು ಅಂತ ಕರೆಯುತ್ತೇವೆ. ಅವರು ತಂದಿದ್ದು ಸ್ಟೀಲ್ ಡಬ್ಬಿ ತುಂಬ ಕುಸುರೆಳ್ಳು. ಪ್ಯಾಕೆಟ್ಟಿನದಲ್ಲ, ಮನೆಯಲ್ಲಿ ಮಾಡಿದ್ದು. ಈಗ ಮನೆಯಲ್ಲಿ ಮಾಡುವವರು ಎಷ್ಟು ಮಂದಿ ಉಳಿದಿದ್ದಾರೆ? ಬೆಳಗಿನ ಜಾವದ ಚಳಿಯಲ್ಲೇ ಕೂರಬೇಕು. ಸಣ್ಣ ಕೆಂಡದ ಮೇಲೆ ತಾಟು. ಅದರಲ್ಲಿ ಎಳ್ಳು. ಮೇಲೆ ಸಕ್ಕರೆ ಪಾಕ, ಒಂದೊಂದೇ ಚಮಚ. ಹಾಕಿದ ಕೂಡಲೇ ಬೆರಳಿನಿಂದ ಮೆಲ್ಲಗೆ ಆಡಿಸುತ್ತಿರಬೇಕು. ಒತ್ತಿದರೆ ಎಳ್ಳು ಒಂದಕ್ಕೊಂದು ಅಂಟುತ್ತದೆ. ಕೆಂಡ ಜಾಸ್ತಿಯಾದರೆ ಪಾಕ ಕರಗಿ ಹಳದಿಗೆ ತಿರುಗುತ್ತದೆ. ಪಾಕ ಒಣಗಿದ ಮೇಲೆ ಮತ್ತೊಂದು ಚಮಚ. ಹೀಗೇ ದಿನಗಟ್ಟಲೆ ನಡೆದರೆ ಎಳ್ಳಿನ ಮೈಮೇಲೆ ಬಿಳಿ ಮುಳ್ಳು ಏಳುತ್ತವೆ. ಚಳಿ ಚೆನ್ನಾಗಿದ್ದಷ್ಟೂ ಮುಳ್ಳು ಚೆನ್ನಾಗಿ ಬರುತ್ತವಂತೆ. ಅಕ್ಕಾರ ತೋರುಬೆರಳಿನ ತುದಿ ಕೆಂಪಗಾಗಿತ್ತು. ನಾನು ನೋಡುತ್ತಿದ್ದುದನ್ನು ಕಂಡು 'ಏನಿಲ್ಲ ಬಿಡ್ರಿ, ವರ್ಷಾ ಆಗೂದ' ಅಂದರು.

ಆವತ್ತು ಗಂಟೆ ಬಾರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಹುಡುಗರ ಗದ್ದಲದಲ್ಲಿ ಅಧ್ಯಕ್ಷರು ಮೂರು ಸಲ ಸುತ್ತಿಗೆ ಬಡಿದು ಕೈಬಿಟ್ಟರು. ಅಧ್ಯಕ್ಷರೆಂದರೆ ನಮ್ಮ ಹಲ್ಲಿನ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು. ಎಳ್ಳು ಬೆಲ್ಲ ಕೊಡುವಾಗ ಸಣ್ಣವರು ದೊಡ್ಡವರ ಕಾಲಿಗೆ ಬೀಳಬೇಕಲ್ಲ. ಕಾಲರು ಹಾಕಿಕೊಂಡೇ ಮಾಸ್ತರ ಕಾಲಿಗೆ ಬಗ್ಗಿದರು. ಬಿಲ್ಲೆಗಳೆಲ್ಲ ಫರಸಿಗೆ ಬಡಿದು ಖಣಖಣ ಅಂದವು. 'ಹಳೇ ಅಧ್ಯಕ್ಷರೆಲ್ಲಾ ಕಾಲಿಗೆ ಬಿದ್ರ ನೋಡ್ರಿ' ಅಂತ ಹೋಟೆಲಿನವರು ಕೂಗಿದರು. ಹಾಲಿಗೆ ಹಾಲೇ ನಕ್ಕಿತು.

ಊಟದ ನಡುವೆಯೇ ಜಾತ್ರೆಯ ಮಾತು ಬಂತು. ಸಂಕ್ರಾಂತಿ ಅಂದರೆ ವಿಜಯಪುರಕ್ಕೆ ಸಿದ್ಧೇಶ್ವರ ಜಾತ್ರೆ. ನಂದಿಕೋಲಿನ ಮೆರವಣಿಗೆ, ಮದ್ದು ಸುಡುವುದು, ಕುಸ್ತಿ, ತೊರವಿ ಹತ್ತಿರ ದನದ ಜಾತ್ರೆ. ಸುತ್ತಲಿನ ಹಳ್ಳಿಗಳ ಮಂದಿ ಊರೊಳಗೆ ಬಂದು ತುಂಬುತ್ತಾರೆ. ಕ್ಲಬ್ಬಿನಿಂದ ಪ್ರತಿ ವರ್ಷದಂತೆ ಕುಡಿಯುವ ನೀರಿನ ಅರವಟಿಗೆ ಇಡುತ್ತೇವೆ ಅಂತ ಅಧ್ಯಕ್ಷರು ಹೇಳಿದರು. ಚಪ್ಪಾಳೆ ಬಿತ್ತು. ಬ್ಯಾನರು ಆಗಲೇ ನನ್ನ ಪ್ರೆಸ್ಸಿನಲ್ಲಿ ರೆಡಿ ಇತ್ತು. ನಡುವೆ ರೋಟರಿಯ ಗುರುತಿನ ಚಕ್ರ, ಎಡಕ್ಕೆ ಅಧ್ಯಕ್ಷರ ಫೋಟೋ, ಬಲಕ್ಕೆ ಕಾರ್ಯದರ್ಶಿ, ಕೆಳಗೆ ಖರ್ಚು ಕೊಟ್ಟ ಅಂಗಡಿಯ ಹೆಸರು. 'ನೀರು' ಅನ್ನುವ ಅಕ್ಷರಕ್ಕೆ ಉಳಿದಿದ್ದು ಒಂದು ಮೂಲೆ.

ಅಕ್ಕಾರು ರೊಟ್ಟಿ ಬುಟ್ಟಿ ಹಿಡಿದು ನಮ್ಮ ಸಾಲಿಗೆ ಬಂದಿದ್ದರು. ನಿಂತಲ್ಲಿಂದಲೇ ಕೇಳಿದರು.

'ನೀರು ಕುಡಸ್ತೀರಿ, ಚಲೋ ಆತ್ರಿ. ಕುಡದ ಮ್ಯಾಲೆ ಹೆಣಮಕ್ಕಳು ಎಲ್ಲಿಗೆ ಹೋಗಬೇಕು?'

ಒಂದಿಬ್ಬರು ನಕ್ಕರು. ಅಕ್ಕಾರು ನಗಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಮಹಿಳಾ ಸದಸ್ಯರು ಬೆರಳೆಣಿಕೆಯಷ್ಟು. ರೋಟರಿಯಲ್ಲೇ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದಿದ್ದು ತಡವಾಗಿ. ಅದೂ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ ಮೇಲೆ, 1989ರಲ್ಲಿ ನಿಯಮ ಬದಲಾಯಿತು. ಒಬ್ಬ ಮಹಿಳೆ ಅಂತರರಾಷ್ಟ್ರೀಯ ಅಧ್ಯಕ್ಷೆಯಾಗಲು 2022ರ ತನಕ ಕಾಯಬೇಕಾಯಿತು. ಅಕ್ಕಾರು ಸದಸ್ಯರಲ್ಲ, ಸದಸ್ಯರ ಮನೆಯವರು. ಬರೀ ವಾರಗಳಲ್ಲಿ ಅವರು ಬರುವುದಿಲ್ಲ, ಬಂದರೂ ಮಾತಾಡುವ ಸರದಿ ಬರುವುದಿಲ್ಲ. ಅಜೆಂಡಾದಲ್ಲಿ ಅದಕ್ಕೆ ಜಾಗ ಇಲ್ಲ. ಭೋಗಿ ದಿನ ಅಜೆಂಡಾವೇ ಇರುವುದಿಲ್ಲ, ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು, ಮತ್ತು ರೊಟ್ಟಿ ಅವರ ಕೈಯಲ್ಲಿ. ಎದುರಿಗೆ ನಿಂತು ಊಟಕ್ಕೆ ಬಡಿಸುತ್ತಿರುವವರಿಗೆ 'ವಿಷಯ ಮುಂದಿನ ಸಭೆಗೆ ಇಡೋಣ' ಅಂತ ಹೇಳಲಾದೀತೇ?

ಒಬ್ಬೊಬ್ಬರೇ ಶುರು ಮಾಡಿದರು. ನಂದಿಕೋಲು ನೋಡಲು ಬರುವ ದಿನ ಬೆಳಗಿನಿಂದ ಗುಟುಕು ನೀರೂ ಕುಡಿಯುವುದಿಲ್ಲ ಅಂತ ಒಬ್ಬರು. ಶುಗರ್ ಇರುವ ಅತ್ತೆಯನ್ನು ಜಾತ್ರೆಗೆ ಕರೆತರುವುದನ್ನೇ ಬಿಟ್ಟೆ ಅಂತ ಇನ್ನೊಬ್ಬರು. ಬೀಜದ ಅಂಗಡಿಯವರ ಸೊಸೆ, ಇನ್ನೂ ಸಣ್ಣ ಹುಡುಗಿ, ತಿಂಗಳ ದಿನಗಳ ಮಾತನ್ನು ಮಾವನ ಎದುರೇ ಎತ್ತಿದಳು. ಮಾವ ಮಾದಲಿಯ ಕಡೆಗೇ ನೋಡುತ್ತ ಕೂತರು. ಆದರೆ ಎದ್ದು ಹೋಗಲಿಲ್ಲ.

ಹೋಟೆಲಿನವರು 'ನಮ್ಮ ಹೋಟೆಲಿಗೆ ಬರ್ಲಿ ಬಿಡ್ರಿ' ಅಂದರು. 'ಚಾ ಕುಡೀದ ಒಳಗ ಬಿಡ್ತೀರೇನು?' ಅಂತ ಅವರ ಮನೆಯವರೇ ಕೇಳಿದರು. ಅವರ ಬಳಿ ಉತ್ತರವಿರಲಿಲ್ಲ.

ನನಗೆ ಆಗ ಶಿಕಾಗೋ ನೆನಪಾಯಿತು. ಎದ್ದು ನಿಂತು ಹೇಳಿಯೂ ಬಿಟ್ಟೆ. ರೋಟರಿ ಊರಿಗಾಗಿ ಕೈಹಾಕಿದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೇ? ಆಸ್ಪತ್ರೆಯಲ್ಲ, ಶಾಲೆಯಲ್ಲ. ಸಾರ್ವಜನಿಕ ಶೌಚಾಲಯ. 1907ರಲ್ಲಿ ಶಿಕಾಗೋ ಕ್ಲಬ್ಬಿನವರು ಆ ಊರಿಗೆ ಶೌಚಾಲಯ ಬೇಕು ಅಂತ ಬೆನ್ನು ಹತ್ತಿದರು. ಅಡ್ಡ ಬಂದವರು ಸಾರಾಯಿ ಅಂಗಡಿಗಳ ಕಡೆಯವರು ಮತ್ತು ಎಲ್ಲ ಸಾಮಾನು ಮಾರುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳವರು. ಗಂಡಸರಿಗೆ ನಮ್ಮಲ್ಲಿದೆ, ಹೆಂಗಸರಿಗೆ ನಮ್ಮಲ್ಲಿದೆ ಅನ್ನುವುದು ಅವರ ವಾದ. ಒಳಗೆ ಬಂದವರು ಏನಾದರೂ ಕೊಂಡೇ ಹೋಗುತ್ತಾರಲ್ಲ, ಅದು ಅವರ ಲೆಕ್ಕ. ನಾನು ಇಷ್ಟು ಹೇಳುವಷ್ಟರಲ್ಲಿ ಎಲ್ಲರೂ ಹೋಟೆಲಿನವರ ಕಡೆ ತಿರುಗಿದ್ದರು. ಅವರು ಕೈಮುಗಿದರು.

ಒಪ್ಪಿಗೆ ಸಿಕ್ಕಿತು. ಕೆಲಸ ಶುರುವಾದ ಮೇಲೆ ಗೊತ್ತಾಗಿದ್ದು, ಶೌಚಾಲಯದ ಕಷ್ಟ ಶೌಚಾಲಯದ್ದಲ್ಲ. ಜಾಗ ಬೇಗ ಸಿಕ್ಕಿತು. ಜಾತ್ರೆಯ ಹತ್ತಿರದ ಒಂದು ಶಾಲೆಯವರು ರಜೆಯಲ್ಲಿ ತಮ್ಮ ಶೌಚಾಲಯ ತೆಗೆದುಕೊಡುತ್ತೇವೆ ಅಂದರು, ಮಾಸ್ತರ ಹಳೇ ಪರಿಚಯ. ನೀರಿನ ಟ್ಯಾಂಕರು ಒಣದ್ರಾಕ್ಷಿಯವರದು. ಬಕೆಟ್ಟು, ಮಗ್ಗು, ಸೋಪು, ಮುಚ್ಚಳ ಇರುವ ಕಸದ ಡಬ್ಬಿ ಎಲ್ಲ ಬಂದವು. ಸ್ವಚ್ಛ ಮಾಡುವವರು ಯಾರು? ಅಲ್ಲಿಗೆ ಬಂದು ಎಲ್ಲರೂ ಸುಮ್ಮನಾದರು. ಅರವಟಿಗೆಗೆ ನಿಲ್ಲಲು ಹುಡುಗರು ಸಾಲುಗಟ್ಟುತ್ತಾರೆ. ಇಲ್ಲಿ ಯಾರೂ ಕೈ ಎತ್ತಲಿಲ್ಲ. ಕೊನೆಗೆ ಕೂಲಿ ಕೊಟ್ಟೇ ಮಾಡಿಸಬೇಕು, ಕೂಲಿ ಕಮ್ಮಿ ಇರಬಾರದು, ಕೈಗೆ ಗ್ಲೌಸು ಇರಬೇಕು ಅಂತ ಅಕ್ಕಾರೇ ತೀರ್ಮಾನ ಮಾಡಿದರು. ಬಾಗಿಲಲ್ಲಿ ಸರದಿ ಪ್ರಕಾರ ಕೂರಲು ಮನೆಯವರು ಒಪ್ಪಿಕೊಂಡರು. ಗಂಡಸರ ಪಾಲಿಗೆ ಬಂದಿದ್ದು ದೀಪ, ನೀರು, ದುಡ್ಡು.

ದುಡ್ಡಿನಲ್ಲೊಂದು ತಮಾಷೆಯಾಯಿತು. ಅರವಟಿಗೆಗೆ ಹೆಸರು ಕೊಟ್ಟ ಅಂಗಡಿಯವರು ಇದಕ್ಕೂ ಖುಷಿಯಿಂದ ದುಡ್ಡು ಕೊಟ್ಟರು. ಆದರೆ ನಾನು ಬೋರ್ಡಿನ ಮೇಲೆ ಹೆಸರು ಎಲ್ಲಿ ಹಾಕಲಿ ಅಂತ ಕೇಳಿದಾಗ ಫೋನಿನಲ್ಲೇ ಗಾಬರಿಯಾದರು. 'ಏ, ಅದರ ಮ್ಯಾಲೆ ಬ್ಯಾಡ್ರಿ! ನೀರಿಂದ್ರ ಮ್ಯಾಲೆ ಐತೆಲ್ಲ, ಸಾಕು.' ಅಧ್ಯಕ್ಷರ ಫೋಟೋ ಹಾಕುವ ಮಾತನ್ನು ಯಾರೂ ಎತ್ತಲೇ ಇಲ್ಲ. ಹಾಗಾಗಿ ನಾನು ಈ ಕ್ಲಬ್ಬಿಗೆ ಮಾಡಿದ ಬೋರ್ಡುಗಳಲ್ಲೇ ಚೆಂದದ್ದು ಅದು. ಬಿಳಿ ಹಾಳೆ, ಕಪ್ಪು ಅಕ್ಷರ, 'ಹೆಣ್ಣುಮಕ್ಕಳ ಶೌಚಾಲಯ', ಕೆಳಗೆ ಒಂದು ದಪ್ಪ ಬಾಣ. ಚಕ್ರ ಇಲ್ಲ, ಹೆಸರಿಲ್ಲ. ಇಪ್ಪತ್ತು ಮಾರು ದೂರದಿಂದ ಓದಬಹುದಿತ್ತು.

ಜಾತ್ರೆಯಲ್ಲಿ ಮಂದಿ ಆ ಬಾಣ ಹಿಡಿದು ಬಂದರು. ಎಷ್ಟು ಮಂದಿ ಅಂತ ಯಾರೂ ಎಣಿಸಲಿಲ್ಲ, ಸಾಲು ಮಾತ್ರ ಕರಗಲಿಲ್ಲ. ಮದ್ದು ಸುಡುವ ರಾತ್ರಿ ಬಲ್ಬು ಸಾಲದೇ ಮೊಬೈಲ್ ಟಾರ್ಚ್ ಹಿಡಿಯಬೇಕಾಯಿತು. ಒಂದು ಹೊತ್ತು ಟ್ಯಾಂಕರು ಮಂದಿಯ ನಡುವೆ ಸಿಕ್ಕಿಕೊಂಡು ತಡವಾಗಿ, ಬಾಗಿಲಲ್ಲಿ ಕೂತಿದ್ದ ವಕೀಲರ ಮನೆಯವರು ಚೆನ್ನಾಗಿ ಬೈಸಿಕೊಂಡರು. ನಮ್ಮ ಆ ತಿಂಗಳ ಬುಲೆಟಿನ್ನಿನಲ್ಲಿ ಅರವಟಿಗೆಯ ಫೋಟೋ ನಾಲ್ಕಿವೆ. ಇದರದು ಒಂದೂ ಇಲ್ಲ. ಹೇಗಿರುತ್ತದೆ ಹೇಳಿ, ಫೋಟೋ ತೆಗೆಯುವ ಜಾಗವೇ ಅದು?

ನನಗಿರುವ ಚಿಂತೆ ಫೋಟೋದ್ದಲ್ಲ. ರೋಟರಿಯ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷಗಿರಿ ಒಂದೇ ವರ್ಷ. ಹೊಸಬರು ಬಂದ ಕೂಡಲೇ ಹೊಸ ಯೋಜನೆ ಬೇಕು, ಹಳೆಯದನ್ನು ಮುಂದುವರಿಸಿದರೆ ಹೆಸರು ಬರುವುದಿಲ್ಲ. ಗಿಡ ನೆಡುವುದು ಎಲ್ಲರ ವರ್ಷದಲ್ಲೂ ಇರುತ್ತದೆ, ನೀರು ಹಾಕುವುದು ಯಾರ ವರ್ಷದಲ್ಲೂ ಇರುವುದಿಲ್ಲ. ಇದಕ್ಕೆ ಸಿಕ್ಕದೇ ಉಳಿದ ಕೆಲಸ ಅಂದರೆ ಪೋಲಿಯೋ. ರೋಟರಿ ಅದನ್ನು ಹಿಡಿದಿದ್ದು 1985ರಲ್ಲಿ. ಯಾರೇ ಅಧ್ಯಕ್ಷರಾಗಲಿ, ಪೋಲಿಯೋ ಭಾನುವಾರ ಬಂದರೆ ಬೂತಿನಲ್ಲಿ ಕೂರಲೇಬೇಕು. ನಮ್ಮ ಮಾಸ್ತರು ಬಸ್ ಸ್ಟ್ಯಾಂಡಿನಲ್ಲಿ ಅದೇ ಜಾಗ, ಅದೇ ಕುರ್ಚಿ ಅಂತ ವರ್ಷಗಟ್ಟಲೆ ಕೂತವರು. ಸರಕಾರದವರು, ಆಶಾ, ಅಂಗನವಾಡಿಯವರು ಮನೆಮನೆ ತಿರುಗಿದ್ದರ ಮುಂದೆ ನಮ್ಮದು ಸಣ್ಣ ಪಾಲು, ನಿಜ. ಆದರೆ ಬಿಡದೇ ಮಾಡಿದ್ದು. ದೇಶದ ಕೊನೆಯ ಪೋಲಿಯೋ ಪ್ರಕರಣ ಸಿಕ್ಕಿದ್ದು 2011ರ ಜನವರಿ 13ರಂದು, ಬಂಗಾಳದ ಹೌರಾದಲ್ಲಿ. ನಮ್ಮ ಕಡೆ ಭೋಗಿಯ ಹೊತ್ತು. 2014ರ ಮಾರ್ಚ್ 27ಕ್ಕೆ ಪೋಲಿಯೋ ಹೋಯಿತು ಅನ್ನುವ ಪ್ರಮಾಣಪತ್ರ ಬಂತು. ಆ ಕೆಲಸಕ್ಕೆ ಯಾವ ಒಬ್ಬ ಅಧ್ಯಕ್ಷರ ಹೆಸರೂ ಅಂಟಿಲ್ಲ.

ಅಕ್ಕಾರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಿಲ್ಲ. ಅವರಿಗೆ ಗೊತ್ತೇ ಇದೆ ಅನ್ನಿಸುತ್ತದೆ. ಮುಂದಿನ ಅಧ್ಯಕ್ಷರು ನಮ್ಮ ಆಡಿಟರು. ಜಾತ್ರೆ ಮುಗಿದ ವಾರದ ಸಭೆಗೆ, ಹಬ್ಬವೂ ಇಲ್ಲ ಊಟವೂ ಇಲ್ಲ, ಅಕ್ಕಾರು ಮಾಸ್ತರ ಜೊತೆ ಬಂದು ಆಡಿಟರ ಪಕ್ಕದಲ್ಲೇ ಕೂತರು. ಮುಂದಿನ ವರ್ಷದ ಬಜೆಟ್ಟಿನಲ್ಲಿ ಇದನ್ನೂ ಬರೆದುಕೊಳ್ಳಿ ಅಂದರು. ಆಡಿಟರು 'ಜಾತ್ರಾ ಖರ್ಚು, ಇತರೆ' ಅಂತ ಬರೆದರು.

'ಇತರೆ ಅಂದ್ರ ಮುಂದ ಯಾರಿಗೂ ತಿಳಿಯಂಗಿಲ್ರಿ. ಶೌಚಾಲಯ ಅಂತನ ಬರೀರಿ.'

ಹೊಡೆದು ಹಾಕಿ ಬರೆದರು. ಅಕ್ಕಾರು ಇಣುಕಿ ನೋಡಿ, ಅದರ ಕೆಳಗೆ ದೊಡ್ಡ ಬಲ್ಬು ಎರಡು ಅಂತಲೂ ಬರೆಸಿದರು.